ಏಳರ ಹಿಂದೆ ನಿಂತ ರಾಣಿ

ಇಸ್ಪೀಟಿನ ಎಲೆಗಳು ಕೈಜಾರಿ ಬಿದ್ದವು ಎಂದೇ ಎದುರಿಗೆ ಕುಳಿತವನು ನಂಬಬೇಕಾಗಿತ್ತು. ಅದಕ್ಕಾಗಿ ಇನ್ಸ್‌ಪೆಕ್ಟರ್ ಆ ಬೆಳಿಗ್ಗೆ ಠಾಣೆಯ ಬಚ್ಚಲಿನ ಕನ್ನಡಿಯ ಮುಂದೆ ನಿಂತು ಎಲೆ ಬೀಳಿಸುವುದನ್ನೇ ಅಭ್ಯಾಸ ಮಾಡಿದ್ದಳು. ಬೀಳಿಸಿದ್ದನ್ನು ಎತ್ತಿ ಎತ್ತಿ ಸೊಂಟ ಹಿಡಿದುಕೊಂಡಿತ್ತು.

“ಅಯ್ಯೋ, ನನ್ನ ಕೈಗಿಷ್ಟು ಬೆಂಕಿ ಹಾಕ!”

ಇಡೀ ಕಟ್ಟು ಮೇಜಿನ ಅಂಚಿನಿಂದ ಜಾರಿ ನೆಲದ ತುಂಬ ಹರಡಿಕೊಂಡಿತು. ಅವಳು ಬಗ್ಗುವಂತೆ ಮಾಡಿ, ಸೊಂಟ ಹಿಡಿದು ಮುಖ ಕಿವುಚಿದಳು. ಅದರಲ್ಲಿ ಅರ್ಧ ಮಾತ್ರ ನಟನೆಯಾಗಿತ್ತು.

“ಬಿಡಿ ಮೇಡಂ, ನಾನು ಎತ್ತಿಕೊಡ್ತೀನಿ,” ಎಂದು ಸೊನ್ನೆ ಕುರ್ಚಿ ಹಿಂದಕ್ಕೆ ಸರಿಸಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತ.

ಸೊನ್ನೆ ಎಂಬುದು ವಿದ್ಯಾರ್ಥಿಗಳು ಇಟ್ಟ ಹೆಸರು. ಕಾಲೇಜಿನ ಗಣಿತ ವಿಭಾಗದ ಈ ಉಪನ್ಯಾಸಕನ ಮುಖವೂ ದುಂಡಗೆ, ತಲೆಯೂ ದುಂಡಗೆ, ಎರಡರ ನಡುವೆ ಗಡಿ ಹಾಕಲು ಒಂದು ಕೂದಲೂ ಇರಲಿಲ್ಲ. ಈಚೆಗೆ ಸತ್ತ, ಅದೇ ವಿಭಾಗದ ಹಿರಿಯ ಮೇಷ್ಟ್ರ ಜೊತೆ ಪ್ರತಿ ವರ್ಷ ರಂಗವೇರಿ ಎಲೆಗಳ ಮೋಡಿ ತೋರಿಸುತ್ತಿದ್ದವನು ಇವನೇ. ಮೇಷ್ಟ್ರ ಜಾಗಕ್ಕೆ ನಾಳೆ ಬರುವವನೂ ಇವನೇ ಎಂದು ಕಾಲೇಜಿನಲ್ಲಿ ಗುಸುಗುಸು ಇತ್ತು.

ಅವನ ಬಾಯಿ ಒಂದು ಕೆಲಸ ಮಾಡುತ್ತಿತ್ತು, ಕೈ ಇನ್ನೊಂದು. ತನ್ನನ್ನು ಹೀಗೆ ಪದೇಪದೇ ಕರೆಸುವುದು ಸರಿಯಲ್ಲವೆಂದೂ, ಕಾಲೇಜಿನ ಕಾವಲುಗಾರರೆಲ್ಲ ತನ್ನನ್ನು ಒಂಥರಾ ನೋಡುತ್ತಾರೆಂದೂ ಬಾಯಿ ದೂರುತ್ತಿತ್ತು. ಕೈ ಮಾತ್ರ ಬಾಯಿಯ ಕಡೆ ಗಮನ ಕೊಡದೆ, ಎಡಗೈಯಲ್ಲಿ ಎಲೆಗಳನ್ನು ಬೀಸಣಿಗೆಯಂತೆ ಬಿಚ್ಚಿ, ಬಲಗೈಯಿಂದ ಒಂದೊಂದೇ ಎಲೆಯನ್ನು ಅದರದರ ಸಂದಿಗೆ ತೂರಿಸುತ್ತಿತ್ತು.

ಅವಳು ಕಣ್ಣು ಕೀಳದೆ ಆ ಕೈಗಳನ್ನೇ ನೋಡಿದಳು. ಠಾಣೆಯಲ್ಲಿ ಬೆನ್ನ ಹಿಂದೆ ಎಲ್ಲರೂ ಅವಳನ್ನು ‘ಉಡ’ ಎನ್ನುತ್ತಿದ್ದರು, ಹಿಡಿದ ಪಟ್ಟು ಬಿಡುವವಳಲ್ಲ ಎಂದು. ಅವಳಿಗೆ ಅದು ಗೊತ್ತಿತ್ತು. ಬೇಡ ಎನ್ನುವಷ್ಟು ಬೇಸರವೂ ಇರಲಿಲ್ಲ.

“ತಗೊಳ್ಳಿ,” ಎಂದು ಸೊನ್ನೆ ಕಟ್ಟನ್ನು ಮೇಜಿನ ಮೇಲಿಟ್ಟು ಮಂಡಿ ಕೊಡವಿಕೊಂಡ.

“ತುಂಬ ಉಪಕಾರ ಸಾರ್. ಈಗ ನೀವೇನು ಮಾಡಿದ್ರಿ ಗೊತ್ತಾ?”

“ಎಲೆ ಎತ್ತಿಕೊಟ್ಟೆ.”

“ಎತ್ತಿಕೊಡಲಿಲ್ಲ. ಜೋಡಿಸಿ ಕೊಟ್ರಿ.”

ಅವಳು ಕಟ್ಟನ್ನು ಮೇಜಿನ ಮೇಲೆ ಉದ್ದಕ್ಕೆ ಹಾಸಿದಳು. ಸೊನ್ನೆ ಒಮ್ಮೆ ಎಲೆಗಳನ್ನು, ಒಮ್ಮೆ ತನ್ನ ಕೈಗಳನ್ನು ನೋಡಿದ. ಅವನ ದುಂಡು ಮುಖ ನಿಧಾನವಾಗಿ ಬಿಳಿಚಿಕೊಂಡಿತು.

ಈ ಉಪಾಯ ಅವಳದ್ದೇನೂ ಆಗಿರಲಿಲ್ಲ. ತಮಗೇ ತಿಳಿಯದೆ ಕಲಿಸಿಕೊಟ್ಟವರು ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಟೀಚರಮ್ಮ, ಅಂದರೆ ಬಂಧನದಲ್ಲಿದ್ದ ಹುಡುಗಿಯ ತಾಯಿ.

ಠಾಣೆಯ ಪಡಸಾಲೆಯಲ್ಲಿ ಸಿಬ್ಬಂದಿಯ ಹಾಜರಿ ಬರೆಯುವ ಕಪ್ಪು ಹಲಗೆ ಇತ್ತು. ಬಂದವರು ಇಷ್ಟು, ರಜೆ ಇಷ್ಟು, ಒಟ್ಟು ಇಷ್ಟು. ಬೆಳಿಗ್ಗೆ ಟೀಚರಮ್ಮ ಬೆಂಚಿನಿಂದೆದ್ದು ಹೋಗಿ, ಒಟ್ಟು ಎಂಬುದರ ಮುಂದಿದ್ದ ಅಂಕಿಯನ್ನು ಸೆರಗಿನ ತುದಿಯಿಂದ ಅಳಿಸಿ, ಸರಿಯಾದದ್ದನ್ನು ಬರೆದು, ಮತ್ತೆ ಬಂದು ಕುಳಿತಿದ್ದರು. ಮಗಳು ಜೈಲಿಗೆ ಹೋಗುವುದರಲ್ಲಿದ್ದಾಳೆ, ಕಣ್ಣು ಅತ್ತು ಊದಿಕೊಂಡಿದೆ. ಆದರೂ ತಪ್ಪು ಕೂಡಿಕೆಯೊಂದು ಕಣ್ಣೆದುರಿಗೇ ನೇತಾಡುವುದನ್ನು ಅವರಿಗೆ ಸಹಿಸಲಾಗಲಿಲ್ಲ.

“ಯಾವಾಗಿನಿಂದಲೋ ನಮ್ಮಲ್ಲಿ ಒಬ್ಬ ಲೆಕ್ಕಕ್ಕೇ ಸಿಗ್ತಿರಲಿಲ್ಲ ಮೇಡಂ,” ಎಂದು ದಫೇದಾರ ಹಲ್ಲು ಕಿರಿದಿದ್ದ. “ಇವತ್ತು ಸಿಕ್ಕಿದ. ನಾನೇ ಅವನು.”

“ಕ್ಷಮಿಸಿ, ಕೈ ತಡೆಯಲಿಲ್ಲ,” ಎಂದು ಟೀಚರಮ್ಮ ನಾಚಿಕೊಂಡಿದ್ದರು. ಕೈಗಳನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡಿದ್ದರು. ತೆಳ್ಳನೆಯ ಉದ್ದ ಬೆರಳುಗಳು, ಹೆಬ್ಬೆರಳಿನ ಉಗುರಿನಂಚಿಗೆ ಒಂಚೂರು ಕೆಂಪು. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವರು. ಉತ್ತರಪತ್ರಿಕೆ ತಿದ್ದುವ ಕೆಂಪು ಶಾಯಿ ಎಂದುಕೊಂಡ ಇನ್ಸ್‌ಪೆಕ್ಟರಿಗೆ ತನ್ನ ಶಾಲೆಯ ದಿನಗಳ ನೆನಪಾಗಿತ್ತು. ಲೆಕ್ಕದಲ್ಲಿ ಅವಳದು ಯಾವಾಗಲೂ ಅಷ್ಟಕ್ಕಷ್ಟೆ.

“ದಿನಾ ಹೀಗೆ ಬಂದು ಕೂತರೆ ನಿಮ್ಮ ಸ್ಕೂಲು?” ಎಂದು ಕೇಳಿದ್ದಳು.

“ಈಗ ರಜೆ ಅಲ್ವಾ? ಮನೇಲಿ ಒಬ್ಬಳೇ ಕೂತು ಏನು ಮಾಡಲಿ?”

ಆ ಕ್ಷಣದಲ್ಲಿ ಇನ್ಸ್‌ಪೆಕ್ಟರ್ ಮಾಡಬಾರದ ಕೆಲಸವೊಂದನ್ನು ಮಾಡಿಬಿಟ್ಟಳು. ಯಾವ ಪೊಲೀಸೂ ಕೊಡಬಾರದ ಮಾತನ್ನು ಕೊಟ್ಟಳು. “ಇವತ್ತು ಸಂಜೆ ನಿಮ್ಮ ಮಗಳನ್ನ ನಿಮ್ಮ ಜೊತೆಗೇ ಮನೆಗೆ ಕಳಿಸ್ತೀನಿ ಟೀಚರ್. ನಂಬಿ.”

ಒಳಗೆ ಬಂದು ಕುಳಿತ ಮೇಲೆ ನಾಲಿಗೆ ಕಚ್ಚಿಕೊಂಡಳು. ಆದರೆ ಆಡಿದ್ದಾಗಿತ್ತು. ಸಂಜೆ ಹುಡುಗಿಯನ್ನು ಮೇಷ್ಟ್ರ ಕೊಲೆಯ ಆಪಾದನೆಯ ಮೇಲೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕೆಂದು ಮೇಲಿನ ಸಾಹೇಬರ ಅಪ್ಪಣೆಯಾಗಿತ್ತು. ನಿಲ್ಲಿಸಿದರೆ ಮುಗಿಯಿತು, ಆಮೇಲೆ ಯಾರೂ ಬೇರೆ ಯಾರನ್ನೂ ಹುಡುಕುವುದಿಲ್ಲ.

“ಇದು ಅನ್ಯಾಯ!” ಸೊನ್ನೆಯ ದನಿ ಅವಳನ್ನು ಮೇಜಿಗೆ ಮರಳಿ ಎಳೆಯಿತು. “ಎಲೆ ಕಂಡರೆ ಕೈ ತಾನೇ ಜೋಡಿಸುತ್ತೆ ಮೇಡಂ. ಇಷ್ಟು ವರ್ಷದ ಅಭ್ಯಾಸ. ಅದು ಅಪರಾಧನಾ?”

“ಮೇಷ್ಟ್ರು ಸತ್ತ ದಿನವೂ ಜೋಡಿಸಿದ್ರೆ ಅಪರಾಧವೇ.”

ಅವಳು ಡ್ರಾಯರಿನಿಂದ ಇನ್ನೊಂದು ಕಟ್ಟು ತೆಗೆದಳು. ಪಾರದರ್ಶಕ ಚೀಲದಲ್ಲಿದ್ದ ಅದು ಮೇಷ್ಟ್ರದ್ದು. ಕೆಲವು ಎಲೆಗಳ ಬೆನ್ನಿಗೆ, ಕೆಲವದರ ಅಂಚಿಗೆ ಕೆಂಪು ಬಣ್ಣ ತಗುಲಿ ಒಣಗಿತ್ತು.

“ಸಭಾಂಗಣದ ಹಿಂದಿನ ಕಬ್ಬಿಣದ ಮೆಟ್ಟಿಲಿಗೆ ಆ ದಿನ ತುಕ್ಕು ಹಿಡಿಯದಂತೆ ಕೆಂಪು ಬಣ್ಣ ಬಳಿದಿದ್ರು. ನಡುವೆ ಕಾಲಿಡೋಕೆ ಜಾಗ ಬಿಟ್ಟು, ಅಂಚಿಗೆಲ್ಲ. ಮೇಷ್ಟ್ರು ಎಲೆ ಕಲಸುತ್ತಾ ಮೆಟ್ಟಿಲ ಹತ್ರ ಹೋಗಿದ್ದನ್ನ ಕಾವಲುಗಾರ ನೋಡಿದಾನೆ. ಮೇಲಿಂದ ಬಿದ್ರು, ಕತ್ತು ಮುರೀತು. ಎಲೆಗಳೂ ಅವರ ಜೊತೆಗೇ ಬಿದ್ವು, ಹಸಿ ಬಣ್ಣಕ್ಕೆ ತಾಗಿದ್ವು. ಆದ್ರೆ ನಾವು ಹೋದಾಗ ಒಂದೆಲೆಯೂ ಅಲ್ಲಿರಲಿಲ್ಲ. ಎಲ್ಲ ಡಬ್ಬಿಯಲ್ಲಿ ಸೇರಿಕೊಂಡು, ಮೇಲೆ ನಟರು ವೇಷ ಹಾಕಿಕೊಳ್ಳೋ ಕೋಣೆಯ ಕನ್ನಡಿ ಮುಂದೆ ಕೂತಿದ್ವು.”

ಸೊನ್ನೆಯ ಕಣ್ಣು ಚೀಲದ ಮೇಲೇ ಇತ್ತು.

“ಯಾರೋ ಎತ್ತಿಟ್ರು,” ಎಂದಳು ಅವಳು. “ಹೆಣದ ಸುತ್ತ ಓಡಾಡಿ, ಒಂದೂ ಬಿಡದೆ ಎತ್ತಿ, ಮೇಷ್ಟ್ರ ಸರಕ್ಕೆ ಜೋಡಿಸಿ ಇಟ್ರು. ಕೈ ತಾನೇ ಜೋಡಿಸುತ್ತೆ ಅಂದ್ರಲ್ಲ, ಹಾಗೆ.”

ಸರ ಎಂದರೆ ಇವರ ವಿದ್ಯೆಯ ಗುಟ್ಟು. ಕಟ್ಟಿನ ಎಲೆಗಳನ್ನು ಒಂದು ಸೂತ್ರದ ಪ್ರಕಾರ ಪೋಣಿಸಿ ಬಾಯಿಪಾಠ ಮಾಡಿಕೊಳ್ಳುವುದು. ಒಂದೆಲೆ ಕಂಡರೆ ಸಾಕು, ಅದರ ಹಿಂದಿನದ್ದು, ಮುಂದಿನದ್ದು ಎಲ್ಲ ತಿಳಿಯುತ್ತದೆ. ನೋಡುವವರಿಗೆ ಮಾತ್ರ ಕಟ್ಟು ಚೆನ್ನಾಗಿ ಕಲಸಿದ ಹಾಗೇ ಕಾಣುತ್ತದೆ. ಮೇಷ್ಟ್ರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಇಡೀ ಕಟ್ಟನ್ನು ಒಂದೊಂದಾಗಿ ಹೆಸರಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದದ್ದು ಇದರಿಂದಲೇ. ಆ ಪ್ರದರ್ಶನದ ವಿಡಿಯೋ ಠಾಣೆಯಲ್ಲಿತ್ತು. ದಫೇದಾರ ಅದನ್ನು ಎಷ್ಟು ಸಲ ನೋಡಿದ್ದನೆಂದರೆ, ಊಟ ಮಾಡುವಾಗಲೂ ಕಳಾವರ್, ಡೈಮಂಡ್ ಎಂದು ಗೊಣಗುತ್ತಿದ್ದಾನೆಂದು ಅವನ ಹೆಂಡತಿ ಫೋನು ಮಾಡಿ ದೂರಿದ್ದಳು.

“ಈ ಸರ ಗೊತ್ತಿದ್ದವರು ಮೂರೇ ಜನ ಅಂತ ನೀವೇ ಹೇಳಿದ್ರಿ. ಮೇಷ್ಟ್ರು, ನೀವು, ಆ ಹುಡುಗಿ. ಮೇಷ್ಟ್ರು ಸತ್ತಿದ್ರು. ಹುಡುಗಿ ಮೇಷ್ಟ್ರ ಜೊತೆ ಜಗಳವಾಡಿ ಅಳುತ್ತಾ ಗೇಟು ದಾಟಿ ಓಡಿಹೋಗಿದ್ದನ್ನ ಕಾಲೇಜಿನ ತೋಟದವನು ನೋಡಿದಾನೆ. ಉಳಿದವರು ಯಾರು ಸಾರ್? ಕೂಡಿ ಕಳೆಯೋದು ನಿಮ್ಮ ಕಸುಬು, ನೀವೇ ಹೇಳಿ.”

ಸೊನ್ನೆ ಅವಳು ಎಣಿಸಿರದ ಕೆಲಸ ಮಾಡಿದ. ಭಯ ಮರೆತು ಚೀಲದ ಕಡೆ ಬಗ್ಗಿದ.

“ಅದನ್ನ ತೋರಿಸಿ. ಜೋಡಿಸಿದ್ದು ನಾನಾದ್ರೆ ಅದು ಈಗ ನಾನು ಜೋಡಿಸಿದ ಹಾಗೇ ಇರಬೇಕು. ಪಕ್ಕದಲ್ಲಿಟ್ಟು ನೋಡಿ.”

“ಅದಕ್ಕೇ ನಿಮ್ಮನ್ನ ಕರೆಸಿದ್ದು,” ಎಂದಳು ಅವಳು.

ಡಬ್ಬಿಯಲ್ಲಿ ಸಿಕ್ಕ ಕ್ರಮವನ್ನು ಅವರು ಆಗಲೇ ಫೋಟೋ ಹಿಡಿದಿದ್ದರು. ದಫೇದಾರ ಫೋಟೋವನ್ನೂ ವಿಡಿಯೋವನ್ನೂ ತಂದು ಮೇಜಿನ ಎರಡು ಕಡೆ ಇಟ್ಟ. ಮೂವರೂ ಮೂರು ತಲೆ ಸೇರಿಸಿ ಬಗ್ಗಿದರು. ದಫೇದಾರ ವಿಡಿಯೋದ ಸರವನ್ನು ಹೇಳುತ್ತಾ ಹೋದ, ಅವಳು ಸೊನ್ನೆ ಜೋಡಿಸಿದ ಎಲೆಗಳ ಮೇಲೆ ಬೆರಳು ಓಡಿಸಿದಳು.

“ಆಟೀನ್ ರಾಣಿ, ಇಸ್ಪೀಟ್ ಏಳು...”

“ಇದೆ, ಇದೆ.”

“ಕಳಾವರ್ ಮೂರು, ಡೈಮಂಡ್ ಗುಲಾಮ...”

ಅವಳ ಬೆರಳು ನಿಂತಿತು. ಸೊನ್ನೆಯ ಸರದಲ್ಲಿ ಗುಲಾಮ ಮೊದಲು, ಮೂರು ಆಮೇಲೆ. ಅಲ್ಲೊಂದೇ ಕಡೆ ಜೋಡಿ ಹಿಂದುಮುಂದಾಗಿತ್ತು. ಮಿಕ್ಕಿದ್ದೆಲ್ಲ ಚಾಚೂ ತಪ್ಪದೆ ಹಾಗೇ ಇತ್ತು.

“ತಪ್ಪಾಯ್ತಲ್ಲ ಸಾರ್.”

“ನನಗಾ? ತಪ್ಪಾ?” ಕೊಲೆಗಾರ ಎಂದಾಗಲೂ ಅವನು ಇಷ್ಟು ಕೆರಳಿರಲಿಲ್ಲ. “ಗುಲಾಮ ಆದಮೇಲೇ ಮೂರು. ಅವರೇ ನನ್ನನ್ನ ಕೂರಿಸಿಕೊಂಡು ಹೇಳಿಕೊಟ್ಟಿದ್ದು. ನಿದ್ದೆಯಲ್ಲಿ ಕೇಳಿದ್ರೂ ಹೇಳ್ತೀನಿ.”

“ರಂಗದ ಮೇಲೆ ಅವರು ಹೇಳಿದ್ದು ಬೇರೆ. ನೋಡಿ, ಕೇಳಿ.”

ಸೊನ್ನೆ ನೋಡಿದ, ಕೇಳಿದ, ಮತ್ತೊಮ್ಮೆ ಹಾಕಿಸಿ ಕೇಳಿದ. ಆಮೇಲೆ ಕುರ್ಚಿಗೆ ಒರಗಿ ಬೋಳುತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನ ಕಣ್ಣಲ್ಲಿ ನಿಜವಾಗಿ ನೀರು ಬಂದಿತ್ತು.

“ಗುರುತು ಹಾಕಿ ಕೊಟ್ಟಿದಾರೆ,” ಎಂದ. “ನನಗೂ ಗುರುತು ಹಾಕಿದಾರೆ! ಕಲಿತವರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಜೋಡಿ ತಿರುಗಿಸಿ ಕೊಟ್ರೆ, ನಾಳೆ ಗುಟ್ಟು ಹೊರಗೆ ಬಿದ್ದಾಗ ಯಾರ ಬಾಯಿಂದ ಬಿತ್ತು ಅಂತ ಗೊತ್ತಾಗುತ್ತೆ. ಎಷ್ಟು ಸುಲಭ ನೋಡಿ. ಎಷ್ಟು ಚೆನ್ನಾಗಿದೆ! ಅವರ ಪಕ್ಕದಲ್ಲಿ ಅಷ್ಟು ವರ್ಷ ನಿಂತೆ, ಚಪ್ಪಾಳೆಯ ಗದ್ದಲದಲ್ಲಿ ಇದು ನನ್ನ ಕಿವಿಗೇ ಬೀಳಲಿಲ್ಲ. ನನ್ನನ್ನೂ ನಂಬಲಿಲ್ಲ ಆ ಮನುಷ್ಯ.”

ಅವನಿಗೆ ಅಳಬೇಕೋ ಮೆಚ್ಚಬೇಕೋ ಗೊತ್ತಾಗಲಿಲ್ಲ. ಎರಡನ್ನೂ ಒಟ್ಟಿಗೆ ಮಾಡಿದ. ಇನ್ಸ್‌ಪೆಕ್ಟರಿಗೆ ಪಾಪ ಅನ್ನಿಸಿತು, ಆದರೆ ಪಾಪ ಎನ್ನುತ್ತಾ ಕೂರಲು ಹೊತ್ತಿರಲಿಲ್ಲ. ಅವಳು ಫೋಟೋವನ್ನು ಹತ್ತಿರಕ್ಕೆ ಎಳೆದುಕೊಂಡಳು.

ಡಬ್ಬಿಯಲ್ಲಿದ್ದ ಕಟ್ಟಿನಲ್ಲಿ ಮೂರು ಮತ್ತು ಗುಲಾಮ ವಿಡಿಯೋದಲ್ಲಿದ್ದ ಹಾಗೇ ಇದ್ದವು. ಅಂದರೆ ಸೊನ್ನೆಯ ಗುರುತು ಅಲ್ಲಿರಲಿಲ್ಲ. ಅವಳು ಮತ್ತೆ ಮೊದಲಿನಿಂದ ಬಂದಳು. ಸ್ವಲ್ಪದರಲ್ಲೇ ಸಿಕ್ಕಿತು. ವಿಡಿಯೋದಲ್ಲಿ ಆಟೀನ್ ರಾಣಿ, ಆಮೇಲೆ ಇಸ್ಪೀಟ್ ಏಳು. ಡಬ್ಬಿಯಲ್ಲಿ ಏಳು ಮೊದಲು, ಅದರ ಹಿಂದೆ ರಾಣಿ.

ಇಷ್ಟು ದಿನ ಇದನ್ನು ಅವಸರದಲ್ಲಿ ಆದ ಎಡವಟ್ಟು ಎಂದೇ ಅವಳು ತಿಳಿದಿದ್ದಳು. ಅದು ಎಡವಟ್ಟಲ್ಲ, ಯಾರದೋ ಮುದ್ರೆ.

“ಏಳು, ರಾಣಿ. ಈ ಗುರುತು ಯಾರದ್ದು ಸಾರ್?”

“ನನ್ನದಂತೂ ಅಲ್ಲ,” ಎಂದು ಸೊನ್ನೆ ಮೂಗು ಒರೆಸಿಕೊಂಡ. “ನನ್ನದು ನೋಡಿದ್ರಲ್ಲ.”

ಹಾಗಾದರೆ ಹುಡುಗಿಯದ್ದೇ? ಅವಳ ಕಾಲು ಆಗಲೇ ಬಾಗಿಲು ದಾಟಿತ್ತು. ಉತ್ತರ ಎಷ್ಟೇ ಕಹಿಯಾಗಿರಲಿ, ಅದನ್ನು ಕೇಳದೆ ಬಿಡುವುದು ಅವಳ ಜಾಯಮಾನವಲ್ಲ.

ಬಂಧನದ ಕೋಣೆಯಲ್ಲಿ ಹುಡುಗಿ ಗೋಡೆಗೊರಗಿ, ಮಂಡಿಯ ಮೇಲೆ ಗಲ್ಲ ಇಟ್ಟು ಕುಳಿತಿದ್ದಳು. ಮೇಷ್ಟ್ರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದವಳು, ರಂಗದ ಮೇಲೆ ಅವರಿಗೆ ಎಲೆ ನೀಡುತ್ತಿದ್ದವಳು. ಸಿಕ್ಕ ದಿನದಿಂದ ಅವಳು ಹೇಳಿದ್ದು ಒಂದೇ ಮಾತು: ಮೇಷ್ಟ್ರ ಜೊತೆ ಜಗಳವಾಡಿದ್ದು ನಿಜ, ತಳ್ಳಿದ್ದು ಸುಳ್ಳು. ಜಗಳ ಯಾತಕ್ಕೆ ಎಂದರೆ ಒಂದು ಲೆಕ್ಕ ಯಾರದು ಎಂಬುದಕ್ಕೆ ಅನ್ನುವಳು. ಯಾವ ಲೆಕ್ಕ ಎಂದರೆ ತುಟಿ ಹೊಲಿದುಕೊಳ್ಳುವಳು.

“ಮೇಷ್ಟ್ರು ನಿನಗೆ ಹೇಳಿಕೊಟ್ಟ ಸರ ಹೇಳು. ಪೂರ್ತಿ.”

“ಈಗಲಾ?”

“ಈಗಲೇ.”

ಹುಡುಗಿ ಕಣ್ಣು ಮುಚ್ಚಿ ಮಗ್ಗಿ ಒಪ್ಪಿಸುವಂತೆ ಒಪ್ಪಿಸಿದಳು. ಕಂಬಿಯ ಈಚೆ ದಫೇದಾರ ತುಟಿ ಅಲ್ಲಾಡಿಸುತ್ತಾ ತಾಳೆ ನೋಡಿದ. ಆಟೀನ್ ರಾಣಿ, ಇಸ್ಪೀಟ್ ಏಳು ಬಂದವು, ರಂಗದ ಮೇಲೆ ಬಂದ ಹಾಗೇ ಬಂದವು. ಮೂರು, ಗುಲಾಮ ಸರಿಯಾಗಿಯೇ ಹೋದವು. ಕೊನೆಗೆ ಇಸ್ಪೀಟ್ ಎಕ್ಕ ಬರಬೇಕಾದಲ್ಲಿ ಆಟೀನ್ ಒಂಬತ್ತು ಬಂತು, ಅದರ ಬೆನ್ನಿಗೆ ಎಕ್ಕ.

“ಇವಳದು ಇಲ್ಲಿ ತಿರುಗಿದೆ ಮೇಡಂ!” ದಫೇದಾರ ಕುಣಿಯುವುದೊಂದು ಬಾಕಿ. “ಇವಳದೇ ಬೇರೆ!”

ಇನ್ಸ್‌ಪೆಕ್ಟರಿಗೆ ದೊಡ್ಡ ಸಮಾಧಾನವಾಯಿತು. ಡಬ್ಬಿಯ ಎಲೆಗಳನ್ನು ಜೋಡಿಸಿದವಳು ಈ ಹುಡುಗಿಯಲ್ಲ. ಇದನ್ನು ಯಾವ ನ್ಯಾಯಾಧೀಶರ ಮುಂದೆ ಬೇಕಾದರೂ ಎದೆತಟ್ಟಿ ಹೇಳಬಹುದು. ಸೊನ್ನೆಯೂ ಅಲ್ಲ. ಹಾಗಾದರೆ ನಾಲ್ಕನೆಯವರು ಯಾರೋ ಇದ್ದಾರೆ.

“ಕೇಳಿಲ್ಲಿ,” ಎಂದು ಅವಳು ಕಂಬಿಯ ಹತ್ತಿರ ಬಗ್ಗಿದಳು. “ಮೇಷ್ಟ್ರು ಒಬ್ಬೊಬ್ಬರ ಸರದಲ್ಲಿ ಒಂದೊಂದು ಜೋಡಿ ತಿರುಗಿಸಿ ಗುರುತು ಇಟ್ಟಿದ್ರು. ನಿನ್ನದು ಒಂಬತ್ತು, ಎಕ್ಕ. ಅವರು ಸತ್ತ ಮೇಲೆ ಎಲೆ ಎತ್ತಿಟ್ಟವರ ಸರದಲ್ಲಿ ತಿರುಗಿರೋದು ಇಸ್ಪೀಟ್ ಏಳು, ಆಟೀನ್ ರಾಣಿ. ಏಳು ಮುಂದೆ, ರಾಣಿ ಹಿಂದೆ. ಹಾಗೆ ಕಲಿತವರು ಯಾರು?”

ಹುಡುಗಿಯ ಮುಖದ ರಕ್ತವೆಲ್ಲ ಇಳಿದುಹೋಯಿತು. ಅವಳು ಎದ್ದು ನಿಂತಳು.

“ಯಾರೂ ಇಲ್ಲ.”

“ಇದಾರೆ. ನಿನಗೆ ಗೊತ್ತು.”

“ಯಾರೂ ಇಲ್ಲ ಅಂದ್ನಲ್ಲ! ನಾನೇ. ನಾನೇ ತಳ್ಳಿದ್ದು, ನಾನೇ ಎತ್ತಿಟ್ಟಿದ್ದು. ಬರ್ಕೊಳ್ಳಿ, ಸಹಿ ಹಾಕ್ತೀನಿ. ಕೋರ್ಟಿಗೆ ಕರ್ಕೊಂಡು ಹೋಗಿ.”

“ಹುಚ್ಚಿ! ನೀನಲ್ಲ ಅಂತ ಈಗ ತಾನೇ ತಿಳೀತು ನನಗೆ.”

“ನಾನೇ ಮೇಡಂ.” ಹುಡುಗಿ ಕಂಬಿಯ ಸಂದಿಯಿಂದ ಅವಳ ಕೈ ಹಿಡಿದುಕೊಂಡಳು. ಠಾಣೆಗೆ ಬಂದ ಮೇಲೆ ಒಮ್ಮೆಯೂ ಅಳದಿದ್ದವಳು ಬಿಕ್ಕಿ ಬಿಕ್ಕಿ ಅಳತೊಡಗಿದಳು. “ದಮ್ಮಯ್ಯ, ಇನ್ನು ಹುಡುಕಬೇಡಿ. ಇಲ್ಲಿಗೇ ಬಿಟ್ಟುಬಿಡಿ.”

ಬಿಡುವುದೊಂದನ್ನು ಇನ್ಸ್‌ಪೆಕ್ಟರ್ ಕಲಿತೇ ಇರಲಿಲ್ಲ. ಅವಳು ಮೆಲ್ಲಗೆ ಕೈ ಬಿಡಿಸಿಕೊಂಡು ತನ್ನ ಕೋಣೆಗೆ ಬಂದಳು. ಸೊನ್ನೆಯನ್ನು ಮನೆಗೆ ಕಳಿಸಿದಳು. ಅವನು ಬಾಗಿಲಲ್ಲಿ ನಿಂತು, ಮೇಷ್ಟ್ರ ನಿಜವಾದ ಸರವನ್ನು ಒಮ್ಮೆ ಬರೆದುಕೊಳ್ಳಬಹುದೇ ಎಂದು ಕೇಳಿ ಬೈಸಿಕೊಂಡು ಹೋದ.

ಫೋನು ಬಡಿದುಕೊಂಡಿತು. ಮೇಲಿನ ಸಾಹೇಬರು.

“ವ್ಯಾನು ಹೊರಡ್ತಾ?”

“ಸ್ವಲ್ಪ ಹೊತ್ತು ಕೊಡಿ ಸಾರ್. ಹುಡುಗಿ ಅಲ್ಲ ಅನ್ನೋದಕ್ಕೆ ಆಧಾರ ಸಿಕ್ಕಿದೆ.”

“ಅವಳು ಒಪ್ಪಿಕೊಂಡಳಂತಲ್ಲ ಈಗ?”

ದಫೇದಾರನ ಬಾಯಲ್ಲಿ ಒಂದು ಸಾಸಿವೆ ಕಾಳೂ ನಿಲ್ಲುವುದಿಲ್ಲ ಎಂದು ಅವಳಿಗೆ ಮೈ ಉರಿಯಿತು. “ಅದು ಸುಳ್ಳು ಸಾರ್. ಯಾರನ್ನೋ ಉಳಿಸೋಕೆ ಹೇಳ್ತಿದಾಳೆ.”

“ಇಸ್ಪೀಟ್ ಎಲೆ ನೋಡಿ ಕೇಸು ನಡೆಸೋಕಾಗುತ್ತೇನಮ್ಮ? ನಾಲ್ಕನೇ ಮನುಷ್ಯನನ್ನ ಹಿಡಿದು ಎದುರಿಗೆ ನಿಲ್ಲಿಸು, ಒಪ್ತೀನಿ. ಇಲ್ಲಾಂದ್ರೆ ವ್ಯಾನು ಹೊರಡಿಸು.”

ಅವಳು ಫೋನಿಟ್ಟು ಸೊನ್ನೆ ಜೋಡಿಸಿದ್ದ ಕಟ್ಟನ್ನು ಎತ್ತಿಕೊಂಡಳು. ಅವನ ತಪ್ಪು ಜೋಡಿಯನ್ನು ತಿರುಗಿಸಿ, ಮೇಷ್ಟ್ರು ರಂಗದ ಮೇಲೆ ಹೇಳಿದ ಸರದಂತೆಯೇ ಇಡೀ ಕಟ್ಟನ್ನು ಮೇಜಿನ ಮೇಲೆ ಮುಖ ಮೇಲಾಗಿ ಹಾಸಿದಳು. ಎಲೆಗಳನ್ನು ದಿಟ್ಟಿಸಿದರೆ ಹೊಳೆಯಬಹುದೇನೋ ಎಂಬ ಆಸೆ. ಹುಡುಗಿ ಯಾರಿಗಾಗಿ ಜೈಲಿಗೆ ಹೋಗಲು ಸಿದ್ಧಳಿದ್ದಾಳೆ? ಗೆಳೆಯನೇ? ಅಂಥವನೊಬ್ಬ ಇದ್ದಿದ್ದರೆ ಇಷ್ಟು ದಿನದಲ್ಲಿ ಸುಳಿವು ಸಿಗುತ್ತಿತ್ತು.

“ಒಳಗೆ ಬರಬಹುದಾ?”

ಟೀಚರಮ್ಮ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಬಟ್ಟೆಯ ಚೀಲವಿತ್ತು.

“ಅವಳಿಗೆ ಸ್ವೆಟರ್ ತಂದಿದ್ದೆ. ಕೋರ್ಟಿಗೆ ಕರ್ಕೊಂಡು ಹೋಗ್ತಾರೆ ಅಂತ ಹೊರಗೆ ಮಾತಾಡ್ತಿದ್ರು. ಆಮೇಲೆ ಎಲ್ಲಿ ಇಡ್ತಾರೋ, ಚಳಿ ಇರುತ್ತೋ ಏನೋ.”

ಇನ್ಸ್‌ಪೆಕ್ಟರಿಗೆ ಅವರ ಮುಖ ನೋಡಲಾಗಲಿಲ್ಲ. “ಕೂತ್ಕೊಳ್ಳಿ ಟೀಚರ್. ಇನ್ನೂ ಹೊತ್ತಿದೆ. ನಾನು ಬಿಟ್ಟಿಲ್ಲ,” ಎಂದು ಕಿಟಕಿಯ ಕಡೆ ತಿರುಗಿದಳು. ಅಂಗಳದಲ್ಲಿ ಚಾಲಕ ವ್ಯಾನಿನ ಗಾಜು ಒರೆಸುತ್ತಿದ್ದ. ಅವನನ್ನು ಕೂಗಿ ಏನಾದರೂ ನೆಪ ಹೇಳಿ ದೂರ ಕಳಿಸಿಬಿಡಲೇ ಎಂದು ಯೋಚಿಸಿದಳು.

ಬೆನ್ನ ಹಿಂದೆ ಸಣ್ಣ ಸದ್ದಾಯಿತು. ಎಲೆಯೊಂದು ಮೇಜಿನ ಮರಕ್ಕೆ ತಾಗಿದ ಸದ್ದು. ಅದರ ಹಿಂದೆಯೇ ಇನ್ನೊಂದು.

ಅವಳು ತಿರುಗಿದಳು.

ಟೀಚರಮ್ಮನ ಕೈ ಮೇಜಿನಿಂದ ಹಿಂದಕ್ಕೆ ಬರುತ್ತಿತ್ತು. ಸರದ ನಡುವೆ ಈಗ ಇಸ್ಪೀಟ್ ಏಳು ಮುಂದೆ ಇತ್ತು, ಆಟೀನ್ ರಾಣಿ ಅದರ ಹಿಂದೆ.

ಇನ್ಸ್‌ಪೆಕ್ಟರಿನ ಕಣ್ಣು ಆ ಹೆಬ್ಬೆರಳಿನ ಮೇಲೆ ನಿಂತಿತ್ತು, ಉಗುರಿನಂಚಿನ ಕೆಂಪಿನ ಮೇಲೆ. ಶಾಲೆಗೆ ರಜೆ. ರಜೆಯಲ್ಲಿ ತಿದ್ದುವುದಕ್ಕೆ ಯಾವ ಉತ್ತರಪತ್ರಿಕೆ? ಶಾಯಿಯಾಗಿದ್ದರೆ ಇಷ್ಟು ದಿನದ ಪಾತ್ರೆ ಬಟ್ಟೆಯಲ್ಲಿ ತೊಳೆದುಹೋಗುತ್ತಿತ್ತು. ಕಬ್ಬಿಣದ ಮೆಟ್ಟಿಲಿಗೆ ಬಳಿಯುವ ಬಣ್ಣ ಅಷ್ಟು ಬೇಗ ಬಿಡುವುದಿಲ್ಲ.

“ಯಾಕೆ ತಿರುಗಿಸಿದ್ರಿ ಟೀಚರ್?” ಎಂದು ಕೇಳಿದಳು.

“ತಪ್ಪಿತ್ತು.”

“ಮೇಷ್ಟ್ರು ರಂಗದ ಮೇಲೆ ಹೇಳಿದ್ದು ಹೀಗಲ್ಲ. ರಾಣಿ ಮೊದಲು.”

“ಗೊತ್ತು.” ಟೀಚರಮ್ಮ ಚೀಲವನ್ನು ನೆಲಕ್ಕಿಟ್ಟು ಕುರ್ಚಿಯಲ್ಲಿ ಕುಳಿತರು. ಬೆಂಚಿನ ಮೇಲೆ ಮುದುಡಿ ಕೂರುತ್ತಿದ್ದ ಹೆಂಗಸು ಈಗ ಬೆನ್ನು ನೇರ ಮಾಡಿ ಕುಳಿತಿದ್ದರು. “ಅವರು ಯಾವಾಗಲೂ ತಪ್ಪೇ ಹೇಳ್ತಿದ್ದಿದ್ದು.”

“ನಿಮಗೆ ಈ ಸರ ಕಲಿಸಿದ್ದು ಮೇಷ್ಟ್ರಾ?”

ಟೀಚರಮ್ಮ ನಕ್ಕರು. ಆ ನಗುವಿನಲ್ಲಿ ಸಿಟ್ಟಿತ್ತು, ಅದನ್ನು ಅವರು ಮುಚ್ಚಿಡಲೂ ಇಲ್ಲ.

“ನನಗೆ ಅವರು ಕಲಿಸೋದಾ? ಅವರಿಗೆ ಕಲಿಸಿದ್ದೇ ನಾನು. ಇಬ್ಬರೂ ಒಂದೇ ಕ್ಲಾಸಿನಲ್ಲಿ ಓದ್ತಿದ್ವಿ. ಸೂತ್ರ ನನ್ನದು, ಸರ ನನ್ನದು. ಕೊಡುವಾಗ ಏಳನ್ನೂ ರಾಣಿಯನ್ನೂ ತಿರುಗಿಸಿ ಕೊಟ್ಟಿದ್ದೆ, ಗುರುತಿಗೆ ಇರಲಿ ಅಂತ. ನಾಳೆ ತನ್ನದೇ ಅಂತ ಎಲ್ಲಾದರೂ ಮೆರೆದ್ರೆ ತಿಳೀಲಿ ಅಂತ. ಮೆರೆದ್ರು. ಆ ತಪ್ಪಿನ ಸಮೇತ ಚಪ್ಪಾಳೆ ತಗೊಂಡ್ರು. ಆಮೇಲೆ ಅದೇ ಉಪಾಯ ಶಿಷ್ಯರ ಮೇಲೂ ಮಾಡಿದ್ರು, ಮಗಳು ಹೇಳೋ ಸರ ಕೇಳಿದಾಗಲೇ ನನಗೆ ತಿಳೀತು. ಆ ಬುದ್ಧಿಯೂ ನನ್ನದೇ. ನನ್ನ ಮಗಳಿಗೆ ಜಡೆ ಹಾಕುವಾಗ ಈ ಸರವನ್ನೇ ಹಾಡಿನ ಹಾಗೆ ಹೇಳ್ತಿದ್ದೆ. ಅವಳು ಹೋಗಿ ಹೋಗಿ ಅವರ ಹತ್ರವೇ ಸೇರಿದಳು, ಅದನ್ನೇ ಅವರ ಬಾಯಲ್ಲಿ ಕೇಳಿದಳು.”

ಒಂದು ಲೆಕ್ಕ ಯಾರದು ಎಂಬ ಜಗಳ. ಇನ್ಸ್‌ಪೆಕ್ಟರಿಗೆ ಈಗ ಅರ್ಥವಾಯಿತು. ಡಬ್ಬಿಯಲ್ಲಿದ್ದ ಕಟ್ಟಿನಲ್ಲಿ ತಿರುಗಿದ ಜೋಡಿಯೇ ಇರಲಿಲ್ಲ. ಸರಿಯಾದ ಸರ ಅದೊಂದೇ, ಮಿಕ್ಕವರದೆಲ್ಲ ತಪ್ಪು. ಈ ಹೆಂಗಸಿಗಾಗಿ ಅವಳು ಬೆಳಿಗ್ಗೆಯಿಂದ ಮರುಗಿದ್ದಳು. ಈಗಲೂ ಮರುಗುತ್ತಿದ್ದಳು, ಅದೇ ಕಷ್ಟವಾಗಿತ್ತು.

ಅವಳು ಎದ್ದು ಹೋಗಿ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದಳು. ದಫೇದಾರನ ಕಿವಿಗೆ ಇದು ಬೀಳಬಾರದು, ಇನ್ನೂ.

“ಕೈ ತಡೀಲಿಲ್ವಾ ಟೀಚರ್, ಬೆಳಿಗ್ಗೆ ಹಲಗೆ ತಿದ್ದಿದ ಹಾಗೆ? ಅಥವಾ ನಾನು ನೋಡಲಿ ಅಂತಲೇ ತಿರುಗಿಸಿದ್ರಾ?”

ಟೀಚರಮ್ಮ ಹಾಸಿದ ಎಲೆಗಳನ್ನು ಒಂದೇ ಬೀಸಿನಲ್ಲಿ ಕೈಗೆ ತೆಗೆದುಕೊಂಡು, ಕಟ್ಟು ಮಾಡಿ, ಸದ್ದಿಲ್ಲದೆ ಮೇಜಿನ ನಡುವೆ ಇಟ್ಟರು. ಸೊನ್ನೆಯ ಕೈಗೂ ಅಷ್ಟು ಚಳಕ ಇರಲಿಲ್ಲ.

“ಎಲೆ ಎತ್ತಿಟ್ಟಿದ್ದು ನಾನು. ಅಷ್ಟನ್ನ ಬರ್ಕೊಳ್ಳಿ, ಸಹಿ ಹಾಕ್ತೀನಿ. ಅವರನ್ನ ತಳ್ಳಿದ ಕೈ ಯಾರದು ಅನ್ನೋದನ್ನೂ ನಾನು ನೋಡಿದೀನಿ.”

“ಯಾರು?”

ಅಂಗಳದಲ್ಲಿ ವ್ಯಾನು ಗುರುಗುಟ್ಟಿ ಚಾಲೂ ಆಯಿತು. ಪಡಸಾಲೆಯ ಆಚೆಯಿಂದ ಕಬ್ಬಿಣದ ಬಾಗಿಲು ತೆರೆದ ಸದ್ದು ಬಂತು, ಹುಡುಗಿಯನ್ನು ಹೊರಗೆ ಕರೆಯುತ್ತಿದ್ದ ದಫೇದಾರನ ದನಿ ಬಂತು. “ಅಮ್ಮ ಎಲ್ಲಿ? ನಮ್ಮಮ್ಮ ಎಲ್ಲಿ ಹೋದಳು? ಅಮ್ಮಾ, ಏನೂ ಹೇಳಬೇಡ!” ಎಂದು ಹುಡುಗಿ ಕಿರುಚಿದಳು. ಮಗಳು ತಾಯಿಯನ್ನು ಉಳಿಸುತ್ತಿದ್ದಾಳೋ, ತಾಯಿ ಮಗಳನ್ನೋ, ಇನ್ಸ್‌ಪೆಕ್ಟರಿಗೆ ತಿಳಿಯಲಿಲ್ಲ.

ಟೀಚರಮ್ಮ ಬಾಗಿಲ ಕಡೆ ನೋಡಲಿಲ್ಲ. ಅವರ ಕಣ್ಣು ಇನ್ಸ್‌ಪೆಕ್ಟರಿನ ಮುಖದ ಮೇಲೇ ಇತ್ತು.

“ಸಂಜೆ ನನ್ನ ಮಗಳನ್ನ ಮನೆಗೆ ಕಳಿಸ್ತೀನಿ ಅಂತ ಮಾತು ಕೊಟ್ಟಿದೀರಿ. ಮೊದಲು ಅವಳು ಈ ಗೇಟು ದಾಟಲಿ. ಆಮೇಲೆ ಹೇಳ್ತೀನಿ, ಯಾರು ಅಂತ.”